ಗಣಿಯಿಂದ ಎತ್ತಿದ್ದೆಲ್ಲ ಅಂತರ್ಜಲವಲ್ಲ

ಕಲ್ಲಿದ್ದಲು ಗಣಿಗೂ ನೀರಿಗೂ ಜಗಳ ಹಳೆಯದು. 1712ರಲ್ಲಿ ಇಂಗ್ಲೆಂಡಿನ ಡಡ್ಲಿ ಹತ್ತಿರ ಥಾಮಸ್ ನ್ಯೂಕಾಮೆನ್ ಉಗಿಯಂತ್ರ ನಿಲ್ಲಿಸಿದ್ದು ರೈಲು ಎಳೆಯಲಿಕ್ಕಲ್ಲ, ಗಣಿಯ ನೀರೆತ್ತಲಿಕ್ಕೆ. ಆಮೇಲೂ ಬಹುಕಾಲ ಚಿಂತೆ ಒಂದೇ: ನೀರನ್ನು ಹೊರಗೆ ಹಾಕೋದು ಹೇಗೆ? ಅದು ಎಲ್ಲಿಂದ ಬರುತ್ತಿದೆ ಅನ್ನೋದು ಅಷ್ಟಾಗಿ ಯಾರನ್ನೂ ಕಾಡಿರಲಿಲ್ಲ.

ಹಾಗೆ ಕಾಡಲು ದುರಂತಗಳೇ ಆಗಬೇಕಾಯಿತು. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸನಾಲಾ ಗಣಿಗೆ ನೀರು ನುಗ್ಗಿ 375 ಮಂದಿ ಸತ್ತರು. 2002ರಲ್ಲಿ ಪೆನ್ಸಿಲ್ವೇನಿಯಾದ ಕ್ವೆಕ್ರೀಕ್‌ನಲ್ಲಿ ಪಕ್ಕದ ಮುಚ್ಚಿದ ಗಣಿಯ ನೀರು ಒಳಬಂತು. ಆ ಹಳೆಯ ಗಣಿಯ ಕೊನೆಯ ನಕ್ಷೆ ಕೆಲಸದವರ ಕೈಯಲ್ಲಿರಲಿಲ್ಲ. ಒಳಗೆ ಸಿಕ್ಕಿಕೊಂಡ 9 ಜನ ಮೂರು ದಿನದ ಮೇಲೆ ಬದುಕಿ ಬಂದರು.

ಈಗ ಗಣಿಗೆ ಬರುವ, ಹೋಗುವ ನೀರಿಗೆಲ್ಲ ಲೆಕ್ಕ ಇಡುತ್ತಾರೆ, ಮನೆಯ ಜಮಾ-ಖರ್ಚಿನ ಹಾಗೆ. ಆದರೆ ಮುಖ್ಯವಾದ ಒರತೆಗೇ ಮೀಟರ್ ಹಾಕಲಾಗದು. ಅದು ಚಾವಣಿಯಿಂದ ತೊಟ್ಟಿಕ್ಕುತ್ತೆ, ನೆಲದಲ್ಲಿ ಜಿನುಗುತ್ತೆ. ಹಾಗಾಗಿ ಸುತ್ತಿ ಬಳಸಿ ಹಿಡಿಯಬೇಕು. ಪಂಪ್ ಎತ್ತಿದ ನೀರಿಗೆ, ಕಲ್ಲಿದ್ದಲಿಗೆ ಅಂಟಿಕೊಂಡು ಹೋದದ್ದನ್ನೂ ಗಾಳಿ ಹೊತ್ತೊಯ್ದ ತೇವವನ್ನೂ ಕೂಡಿಸಿ, ಧೂಳು ಅಡಗಿಸಲಿಕ್ಕೆ, ಯಂತ್ರ ತಣಿಸಲಿಕ್ಕೆ ಅಂತ ಮೇಲಿಂದ ಕಳಿಸಿದ್ದನ್ನು ಕಳೆಯುತ್ತಾರೆ. ಒಳಗಿನ ಗುಂಡಿಗಳ ನೀರು ಏರಿತಾ ಇಳಿಯಿತಾ, ಅದೂ ಸೇರಬೇಕು. ಉಳಿದದ್ದೇ ಒರತೆ.

ಗಾಳಿಯ ತೇವ ಎಷ್ಟು ಮಹಾ ಅನ್ನಿಸಬಹುದು, ಅಲ್ವಾ? ಸೆಕೆಂಡಿಗೆ 200 ಘನ ಮೀಟರ್ ಗಾಳಿ ಹರಿದು, ಒಂದೊಂದು ಘನ ಮೀಟರೂ ಒಳಗಿಂದ 5 ಗ್ರಾಂ ತೇವ ಜಾಸ್ತಿ ಹೊತ್ತರೆ, ದಿನಕ್ಕೆ 86,400 ಲೀಟರ್! ಯಾವ ಪೈಪಿನಲ್ಲೂ ಕಾಣದೆ ಹೋಗುವ ನೀರು ಅದು.

ಎಲ್ಲ ಮೀಟರುಗಳ ತಪ್ಪೂ ಬಂದು ಕೂರೋದು ಆ ಉಳಿಕೆಯಲ್ಲೇ. ಅದಕ್ಕೇ ಒಂದು ದಿನದ ಅಂಕಿಯನ್ನು ನಾನಂತೂ ನಂಬಲ್ಲ. ತಿಂಗಳುಗಟ್ಟಲೆ ಅಂಕಿಗಳನ್ನು ಮಳೆಯ ಲೆಕ್ಕದ ಪಕ್ಕ ಇಟ್ಟು ನೋಡಬೇಕು. ಮಳೆ ಸುರಿದ ಬೆನ್ನಿಗೇ ಒರತೆ ಏರುತ್ತಿದ್ದರೆ, ಕುಸಿದ ಚಾವಣಿಯ ಬಿರುಕು ಮೇಲಿನವರೆಗೆ ಬಾಯಿಬಿಟ್ಟಿರಬಹುದು. ಬೋರ್‌ಗಳಲ್ಲಿ ಬೇರೆ ಬೇರೆ ಆಳಕ್ಕೆ ಇಳಿಸಿದ ಪೀಜೋಮೀಟರುಗಳು, ಅಂದರೆ ನೆಲದೊಳಗಿನ ನೀರಿನ ಒತ್ತಡ ಅಳೆಯುವ ಸಾಧನಗಳು, ಯಾವ ಪದರದ ಒತ್ತಡ ಬಿದ್ದಿದೆ ಅಂತ ತೋರಿಸುತ್ತವೆ. ಆದರೆ ಅವನ್ನು ಅಗೆತಕ್ಕೆ ಮುಂಚೆಯೇ ಕೂರಿಸಿರಬೇಕು. ಇಲ್ಲದಿದ್ದರೆ ಯಾವುದಕ್ಕೆ ಹೋಲಿಸೋದು?

ಟ್ರಿಟಿಯಂ, ಅಂದರೆ ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್, ಇನ್ನೊಂದು ಸುಳಿವು. 1950-60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಇದು ಮಳೆನೀರಲ್ಲಿ ಹೆಚ್ಚಾಯಿತು. ಸುಮಾರು 12.3 ವರ್ಷಕ್ಕೊಮ್ಮೆ ಅರ್ಧ ಕರಗುತ್ತದೆ. ಗಣಿಯ ನೀರಲ್ಲಿ ಅದು ಸಿಕ್ಕರೆ, ಒಂದಿಷ್ಟಾದರೂ ಈಚಿನ ದಶಕಗಳ ಮಳೆನೀರು ಬೆರೆತಿದೆ ಅಂತ ಅರ್ಥ. ಯಂತ್ರಕ್ಕೆ ಬಿಟ್ಟ ನೀರನ್ನೇ ಸುಮ್ನೆ ಬಾಟಲಿಗೆ ತುಂಬಿಸಿಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಬೇಕು, ಅಷ್ಟೇ.

ಗಣಿ ಮುಚ್ಚಿದರೂ ಈ ಲೆಕ್ಕ ಮುಚ್ಚುವುದಿಲ್ಲ. ಜರ್ಮನಿಯ ರೂರ್ ಪ್ರದೇಶದ ಕೊನೆಯ ಗಣಿ 2018ರಲ್ಲಿ ನಿಂತಿತು. ಅಲ್ಲಿ ಪಂಪುಗಳು ಈಗಲೂ ಓಡುತ್ತಿವೆ, ಗಣಿಯಾಳದ ಉಪ್ಪುನೀರು ಮೇಲೇರಿ ಕುಡಿಯುವ ನೀರಿನ ಪದರ ಮುಟ್ಟಬಾರದಲ್ಲ.