ರೀಬೂಟ್ ಆದಮೇಲೆ ಆ ಡಿವೈಸ್ ಫೈಲ್ ಎಲ್ಲಿಗೆ ಹೋಯಿತು?

ಪ್ರಶ್ನೆ: ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಮಷೀನ್) ಓಡಿಸುವ ವರ್ಚುವಲ್‌ಬಾಕ್ಸ್ ನಿನ್ನೆಯವರೆಗೆ ಚೆನ್ನಾಗಿಯೇ ಓಡುತ್ತಿತ್ತು. ಲಿನಕ್ಸ್ ಅಪ್‌ಡೇಟ್ ಮಾಡಿ ರೀಬೂಟ್ ಮಾಡಿದೆ. ಈಗ ಡಿವೈಸ್ ಫೈಲ್‌ಗಳಿರುವ /ಡೆವ್ ಫೋಲ್ಡರ್ ಒಳಗೆ ವರ್ಚುವಲ್‌ಬಾಕ್ಸ್ ಡ್ರೈವರ್‌ನ ವಿಬಾಕ್ಸ್‌ಡಿಆರ್‌ವಿ ಫೈಲೇ ಇಲ್ಲ. ಯಾರು ಅಳಿಸಿದರು? ವಾಪಸ್ ತರುವುದು ಹೇಗೆ?

ಯಾರೂ ಅಳಿಸಿಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ. ಅದೇ ಬಗೆಯ ವಿಎಂವೇರ್ ಬಳಸುವವರು ವಿಎಂಮಾನ್ ಫೈಲ್ ಇಲ್ಲ, ವಿಎಂನೆಟ್ ಫೈಲ್ ಇಲ್ಲ ಅನ್ನುತ್ತಾರೆ. ಕಾಯಿಲೆ ಒಂದೇ.

ಮದ್ದು ಮೊದಲು ಹೇಳಿಬಿಡುತ್ತೇನೆ. ಅಪ್‌ಡೇಟ್ ಜೊತೆ ಹೊಸ ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳು, ಬಂದಿದೆ. ನಿಮ್ಮ ಡ್ರೈವರ್ ಹಳೆಯ ಕರ್ನೆಲ್‌ಗೆ ಅಳತೆ ತೆಗೆದು ಹೊಲಿದದ್ದು, ಹೊಸದಕ್ಕೆ ಹಿಡಿಸುವುದಿಲ್ಲ. ಹೊಸ ಕರ್ನೆಲ್‌ನ ಹೆಡರ್ ಪ್ಯಾಕೇಜ್ (ಡ್ರೈವರ್ ಕಂಪೈಲ್ ಮಾಡಲು ಬೇಕಾದ ಫೈಲ್‌ಗಳು) ಹಾಕಿ, ರೂಟ್ ಆಗಿ, ಅಂದರೆ ಪೂರ್ಣ ಅಧಿಕಾರದ ಬಳಕೆದಾರನಾಗಿ, ಡ್ರೈವರನ್ನು ಮತ್ತೆ ಕಂಪೈಲ್ ಮಾಡುವ ವಿಬಾಕ್ಸ್‌ಕಾನ್ಫಿಗ್ ಓಡಿಸಿ. ಕರ್ನೆಲ್ ಬದಲಾದಾಗ ಡ್ರೈವರ್ ಮತ್ತೆ ಕಟ್ಟುವ ಡಿಕೆಎಂಎಸ್ ಇದ್ದರೆ ಈ ಕೆಲಸ ತಾನಾಗಿಯೇ ಆಗುತ್ತದೆ, ಆದರೆ ಹೆಡರ್ ಇಲ್ಲದಿದ್ದರೆ ಅದೂ ಕೈಚೆಲ್ಲುತ್ತದೆ. ಕಂಪೈಲ್ ಆದರೂ ಡ್ರೈವರ್ ಒಳಗೆ ಬರುತ್ತಿಲ್ಲವೇ? ಸೆಕ್ಯೂರ್ ಬೂಟ್ ನೋಡಿ. ಸಹಿ ಇಲ್ಲದ ಡ್ರೈವರನ್ನು ಕರ್ನೆಲ್ ಬಾಗಿಲಲ್ಲೇ ತಡೆಯುತ್ತದೆ.

ಇನ್ನು ಆ ಹಠಮಾರಿ ಸಲಹೆಗೆ ಬರುತ್ತೇನೆ: "ರೀಬೂಟ್ ಆದಾಗ ಫೈಲ್ ಅಳಿಸಿಹೋಗುತ್ತದೆ. ಎಂಕೆನಾಡ್ ಕಮಾಂಡ್‌ನಿಂದ ಮತ್ತೆ ಮಾಡಿ, ಅದೇ ಸಾಲನ್ನು ಬೂಟ್ ಸ್ಕ್ರಿಪ್ಟ್‌ಗೆ ಸೇರಿಸಿಬಿಡಿ." ಇದು ಇನ್ನೂ ಸತ್ತಿಲ್ಲವಲ್ಲ ಅನ್ನುವುದೇ ನನ್ನ ಬೇಸರ.

ಒಂದು ಕಾಲಕ್ಕೆ ಈ ಮಾತಿಗೆ ಅರ್ಥವಿತ್ತು. ಆಗ /ಡೆವ್ ಫೋಲ್ಡರ್ ಡಿಸ್ಕ್ ಮೇಲೆಯೇ ಇರುತ್ತಿತ್ತು, ಒಮ್ಮೆ ಮಾಡಿದ ಫೈಲ್ ಹಾಗೇ ಉಳಿಯುತ್ತಿತ್ತು. 2003ರಲ್ಲಿ ಡಿವೈಸ್ ಫೈಲ್‌ಗಳನ್ನು ತಾನಾಗಿಯೇ ನೋಡಿಕೊಳ್ಳುವ ಯೂಡೆವ್ ಬಂತು. 2009ರ 2.6.32 ಕರ್ನೆಲ್ ಜೊತೆ /ಡೆವ್‌ಗೆಂದೇ ಮಾಡಿದ ಮೆಮೊರಿ ಫೈಲ್ ಸಿಸ್ಟಮ್ ಡೆವ್‌ಟೆಂಪ್‌ಎಫ್‌ಎಸ್ ಬಂತು. ಈಗ /ಡೆವ್ ಇರುವುದು ಮೆಮೊರಿಯಲ್ಲಿ. ಪ್ರತಿ ಬೂಟ್‌ನಲ್ಲೂ ಅದು ಖಾಲಿಯಾಗಿ ಶುರುವಾಗುತ್ತದೆ. ಡ್ರೈವರ್‌ಗಳು ಬಂದ ಹಾಗೆ ಹೆಸರುಗಳು ಹುಟ್ಟುತ್ತವೆ. ಫೈಲ್ ಇಲ್ಲ ಅಂದರೆ ಡ್ರೈವರ್ ಬಂದಿಲ್ಲ ಅಂತ. ನೀವು ಹುಡುಕಬೇಕಾದದ್ದು ಫೈಲನ್ನಲ್ಲ!

ನಂಬಿಕೆ ಬರದಿದ್ದರೆ ಕೆವಿಎಂನ (ವರ್ಚುವಲ್ ಮಷೀನ್ ಓಡಿಸುವ, ಲಿನಕ್ಸ್ ಕರ್ನೆಲ್‌ನದೇ ಭಾಗ) ಫೈಲ್ ಆದ /ಡೆವ್/ಕೆವಿಎಂ ಮೇಲೆ ಎಲ್ಎಸ್ ಹೈಫನ್ ಎಲ್ ಕಮಾಂಡ್ ಕೊಟ್ಟು ನೋಡಿ. ಸೈಜ್ ಇರಬೇಕಾದ ಜಾಗದಲ್ಲಿ 10, 232 ಅಂತ ಎರಡು ಸಂಖ್ಯೆ ಕಾಣುತ್ತವೆ. 10 ಅಂದರೆ ಬಿಡಿ ಡಿವೈಸ್‌ಗಳ ಕೇರಿ, 232 ಕೆವಿಎಂನ ಮನೆ ನಂಬರ್. ಆ ಫೈಲ್ ಅಂದರೆ ಇಷ್ಟೇ, ಒಂದು ವಿಳಾಸ. ಎಂಕೆನಾಡ್ ಮಾಡುವುದು ಬರೀ ನಾಮಫಲಕ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಫಲಕ ಎಷ್ಟು ಚೆನ್ನಾಗಿದ್ದರೂ "ಅಂಥ ಡಿವೈಸ್ ಇಲ್ಲ" ಅನ್ನುವ ಉತ್ತರವೇ ಬರುತ್ತದೆ. ವಿಬಾಕ್ಸ್‌ಡಿಆರ್‌ವಿಗಂತೂ ಖಾಯಂ ಮನೆ ನಂಬರೇ ಇಲ್ಲ, ಡ್ರೈವರ್ ಬಂದಾಗ ಯಾವುದು ಖಾಲಿಯೋ ಅದು ಸಿಗುತ್ತದೆ. ಎಲ್ಲಿಂದಲೋ ಎತ್ತಿಕೊಂಡ ಸಂಖ್ಯೆ ಹಾಕಿದರೆ ಬೇರೆ ಯಾರದ್ದೋ ಬಾಗಿಲು ತಟ್ಟಿದಂತೆ. ಅದೂ ರೂಟ್ ಆಗಿ!

ಯಾರೂ ಕೇಳಿಲ್ಲ, ಆದರೂ ಇನ್ನೊಂದು ವಿಷಯ. ಕೆಲವರಿಗೆ ವಿಬಾಕ್ಸ್‌ಡಿಆರ್‌ವಿ ಇದ್ದರೂ ವರ್ಚುವಲ್ ಮಷೀನ್ ಏಳುವುದಿಲ್ಲ. ವಿಎಂಎಕ್ಸ್ ರೂಟ್ ಮೋಡ್ ಅಂತೇನೋ ಎರರ್ ಬರುತ್ತದೆ. ಮುಂಚೆ ಕೆವಿಎಂ ತನ್ನ ಮೊದಲ ಮಷೀನ್ ಶುರುವಾದಾಗ ಮಾತ್ರ ಪ್ರೊಸೆಸರ್‌ನ ವರ್ಚುವಲೈಸೇಶನ್ ಸೌಲಭ್ಯ ಹಿಡಿಯುತ್ತಿತ್ತು. 6.12 ಕರ್ನೆಲ್‌ನಿಂದ ಲೋಡ್ ಆದ ತಕ್ಷಣವೇ ಹಿಡಿದು ಕೂರುತ್ತದೆ, ಸುಮ್ನೆ ಇದ್ದರೂ ಬಿಡುವುದಿಲ್ಲ. ವರ್ಚುವಲ್‌ಬಾಕ್ಸ್‌ಗೆ ಜಾಗ ಬೇಕಾದರೆ ಇಂಟೆಲ್‌ನಲ್ಲಿ ಕೆವಿಎಂ ಇಂಟೆಲ್, ಎಎಂಡಿಯಲ್ಲಿ ಕೆವಿಎಂ ಎಎಂಡಿ ಮಾಡ್ಯೂಲನ್ನು (ಕೆವಿಎಂನ ಡ್ರೈವರ್) ಮಾಡ್‌ಪ್ರೋಬ್ ಹೈಫನ್ ಆರ್ ಕಮಾಂಡ್ ಕೊಟ್ಟು ಇಳಿಸಿ. ಇಳಿಸಿದ ಮರುಗಳಿಗೆ /ಡೆವ್/ಕೆವಿಎಂ ಮಾಯವಾಗುತ್ತದೆ. ಅದನ್ನು ಯಾರು ಅಳಿಸಿದರು ಅಂತ ಮಾತ್ರ ಬರೆದು ಕೇಳಬೇಡಿ.