ಆ 20 ಅಂಕ ಯಾರ ದುಡಿಮೆ?

ರಾತ್ರಿ ಒಂಬತ್ತು ಗಂಟೆ. ಝೆರಾಕ್ಸ್ ಅಂಗಡಿಯವನು ಶಟರ್ ಎಳೆಯುವ ಹೊತ್ತು. ಒಬ್ಬ ತಾಯಿ ಏದುಸಿರು ಬಿಡುತ್ತಾ ಬರುತ್ತಾರೆ. 'ಮಳೆನೀರು ಕೊಯ್ಲಿನ ಚಿತ್ರ ಇದ್ಯಾ? ಮಗನ ಪ್ರಾಜೆಕ್ಟು, ನಾಳೆನೇ ಕೊಡ್ಬೇಕಂತೆ.' ಅವನು ಹುಡುಕುವುದೂ ಇಲ್ಲ, ಫೈಲ್ ತೆರೆದೇ ಇದೆ. ಪ್ರಿಂಟ್ ಒತ್ತುತ್ತಾನೆ.

ಎಸ್ಸೆಸ್ಸೆಲ್ಸಿಯಲ್ಲಿ ಇಂಥ ಕೆಲಸಕ್ಕೂ ಅಂಕ ಇದೆ. ಬಹುತೇಕ ವಿಷಯಗಳಿಗೆ ಲಿಖಿತ ಪರೀಕ್ಷೆ 80, ಶಾಲೆಯೇ ಕೊಡುವ ಆಂತರಿಕ ಅಂಕ 20. ವರ್ಷದಲ್ಲಿ ನಾಲ್ಕು ಸಲ ನಡೆಯುವ ಚಟುವಟಿಕೆ, ಕಿರುಪರೀಕ್ಷೆಗಳನ್ನೆಲ್ಲ ಕೂಡಿ 20ಕ್ಕೆ ಇಳಿಸುತ್ತಾರೆ.

ಮೂರು ಗಂಟೆಯ ಒಂದು ಪರೀಕ್ಷೆಯಿಂದ ಮಗುವನ್ನು ಅಳೆಯುವುದು ಸರಿಯಲ್ಲ ಎಂಬ ಮಾತು ಹಳೆಯದು. ಪ್ರೌಢಶಿಕ್ಷಣದ ಬಗ್ಗೆ ಕೇಂದ್ರ ನೇಮಿಸಿದ್ದ 1952-53ರ ಮೊದಲಿಯಾರ್ ಆಯೋಗವೇ ಅದನ್ನು ಹೇಳಿತ್ತು. 1964-66ರ ಕೊಠಾರಿ ಆಯೋಗ ಇನ್ನೂ ಜಾಣತನದ ಸಲಹೆ ಕೊಟ್ಟಿತು: ಶಾಲೆ ಅಂಕ ಕೊಡಲಿ, ಆದರೆ ಅದನ್ನು ಪಬ್ಲಿಕ್ ಪರೀಕ್ಷೆಯ ಅಂಕದ ಜೊತೆ ಕೂಡಬೇಡಿ, ಬೇರೆಯಾಗಿಯೇ ತೋರಿಸಿ. ನಾವು ಮೊದಲರ್ಧ ಕೇಳಿಸಿಕೊಂಡೆವು, ಉಳಿದರ್ಧ ಬಿಟ್ಟೆವು.

2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ತಂದಿತು. ಆಗ ಸಿಬಿಎಸ್‌ಇ ವರ್ಷವಿಡೀ ನಡೆಯುವ ಚಟುವಟಿಕೆ, ಟೆಸ್ಟ್‌ಗಳಿಗೆ ಶೇ 40, ಅವಧಿ ಪರೀಕ್ಷೆಗಳಿಗೆ ಶೇ 60 ಎಂದು ಹಂಚಿತು. ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಯೂ ಐಚ್ಛಿಕವಾಯಿತು. ಆಸೆ ಒಳ್ಳೆಯದೇ. ಆದರೆ ಐವತ್ತು ಮಕ್ಕಳ ತರಗತಿಯಲ್ಲಿ ಮೇಷ್ಟ್ರ ಕೈಗೆ ಬಂದದ್ದು ದಾಖಲೆ ತುಂಬುವ ಕೆಲಸ. ಮನೆಯಲ್ಲಿ ಥರ್ಮೋಕೋಲ್ ಕತ್ತರಿಸುತ್ತಾ ಕೂತದ್ದು ಅಪ್ಪ, ಅಮ್ಮ. 2018ಕ್ಕೆ ಸಿಬಿಎಸ್‌ಇ ಮತ್ತೆ ಬೋರ್ಡ್ ಪರೀಕ್ಷೆಗೇ ಮರಳಿತು, 80-20ರ ಲೆಕ್ಕದೊಂದಿಗೆ.

ಹೋಂವರ್ಕ್‌ನ ಕಥೆ ಬೇರೆ ದಾರಿಯಲ್ಲಿ ಸಾಗಿತು. ಮೈಸೂರಿನ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ಮಕ್ಕಳ ಬೆನ್ನ ಮೇಲಿನ ಚೀಲದ ಬಗ್ಗೆ ಮಾತಾಡಿದರು. 1993ರಲ್ಲಿ ಮಕ್ಕಳ ಓದಿನ ಹೊರೆ ಇಳಿಸುವ ಬಗ್ಗೆ ಯಶ್‌ಪಾಲ್ ಸಮಿತಿಯ ವರದಿ ಬಂತು. 2020ರ ಶಾಲಾ ಚೀಲ ನೀತಿ ಒಂದು, ಎರಡನೇ ತರಗತಿಗೆ ಹೋಂವರ್ಕೇ ಬೇಡ ಎಂದಿತು. ಎಷ್ಟು ಶಾಲೆಗಳು ಕೇಳಿದವು ಅಂತ ಒಂದನೇ ಕ್ಲಾಸಿನ ಮಕ್ಕಳ ಅಮ್ಮಂದಿರನ್ನೇ ಕೇಳಿ.

ಈಗ ಎಸ್ಸೆಸ್ಸೆಲ್ಸಿಯ ಆ 20 ಅಂಕದ ತೂಕ ಜಾಸ್ತಿಯಾಗಿದೆ. ಮೊದಲು ಪಾಸಾಗಲು ಲಿಖಿತದಲ್ಲೇ 80ಕ್ಕೆ 28 ಬೇಕಿತ್ತು. 2025ರ ಅಕ್ಟೋಬರ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಹೊಸ ಲೆಕ್ಕ ಪ್ರಕಟಿಸಿದರು: ಆಂತರಿಕ ಅಂಕವೂ ಸೇರಿ ಒಟ್ಟು ಶೇ 33, ಅಂದರೆ 625ಕ್ಕೆ 206. ಶಾಲೆ 20ಕ್ಕೆ 20 ಕೊಟ್ಟರೆ, ಲಿಖಿತದಲ್ಲಿ 13 ಬಂದರೂ ಆ ವಿಷಯದಲ್ಲಿ 33 ಆಯಿತು. ಫೇಲಾಗುವ ಭಯದಲ್ಲೇ ಶಾಲೆ ಬಿಡುವ ಹಳ್ಳಿ ಮಕ್ಕಳಿಗೆ ಇದು ಆಸರೆ, ಇಲ್ಲ ಅನ್ನಲಾಗದು. ಆದರೆ 20 ಅಂಕ ಹಾಕುವವರು ಅದೇ ಶಾಲೆಯ ಮೇಷ್ಟ್ರು. ಫಲಿತಾಂಶ ಇಳಿದರೆ ನೋಟಿಸ್ ಬರುವುದೂ ಅವರಿಗೇ ಅಲ್ವಾ?