ಕನ್‌ಸ್ಟ್ರಕ್ಟರ್ ತಾನಾಗಿ ಹುಟ್ಟಲಿ, ಆದರೆ ಅದನ್ನು ಕರೆಯುವವರು ಯಾರು?

ಪುಣೆ ಪಕ್ಕದ ಹಿಂಜವಡಿಯ ಐಟಿ ಪಾರ್ಕಿಗೆ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಹೊಸದಾಗಿ ಬರುವ ಹುಡುಗ ಹುಡುಗಿಯರ ಜಾವಾ ಕೋಡನ್ನು ರಿವ್ಯೂ ಮಾಡುವುದು ನನ್ನ ಕೆಲಸದ ಒಂದು ಭಾಗ. ಮರಾಠಿ, ಹಿಂದಿ, ಇಂಗ್ಲಿಷ್ ಎಲ್ಲ ಬೆರೆತ ಆಫೀಸಿನಲ್ಲಿ ಕನ್ನಡ ಮಾತಾಡುವ ಹಿರಿಯರು ಸಿಕ್ಕರೆ ಅವರಿಗೆ ಸಂಕೋಚ ಹೋಗುತ್ತದೆ, ಮನಸ್ಸಿನಲ್ಲಿದ್ದದ್ದನ್ನು ಕೇಳಿಬಿಡುತ್ತಾರೆ. ಮೊದಲ ತಿಂಗಳಲ್ಲೇ ಬರುವ ಪ್ರಶ್ನೆ ಒಂದುಂಟು: “ಅಕ್ಕಾರ, ಈ ಕನ್‌ಸ್ಟ್ರಕ್ಟರ್ ಎಲ್ಲಾ ಕೈಲೆ ಯಾಕ ಬರೀಬೇಕು?”

ಪ್ರಶ್ನೆ ನ್ಯಾಯವಾದದ್ದೇ. ಕನ್‌ಸ್ಟ್ರಕ್ಟರ್ ಅಂದರೆ ಕ್ಲಾಸಿನಿಂದ ಆಬ್ಜೆಕ್ಟ್ ಸೃಷ್ಟಿಸುವಾಗ ಓಡಿ, ಅದರ ಫೀಲ್ಡ್‌ಗಳಿಗೆ, ಅಂದರೆ ಒಳಗಿನ ಮಾಹಿತಿಯ ಖಾನೆಗಳಿಗೆ, ಮೊದಲ ಬೆಲೆ ತುಂಬುವ ಕೋಡು. ಹಳೆಯ ರೀತಿಯ ಜಾವಾ ಕ್ಲಾಸಿನಲ್ಲಿ ಒಂದು ಫೀಲ್ಡಿನ ಹೆಸರನ್ನು ನಾಲ್ಕು ಸಲ ಬರೆಯಬೇಕು. ಘೋಷಣೆಯಲ್ಲಿ ಒಮ್ಮೆ, ಕನ್‌ಸ್ಟ್ರಕ್ಟರಿನ ಪ್ಯಾರಾಮೀಟರ್ ಪಟ್ಟಿಯಲ್ಲಿ ಒಮ್ಮೆ, ಒಳಗಿನ ಸಾಲಿನಲ್ಲಿ ಸಮ ಚಿಹ್ನೆಯ ಆಚೆ ಒಮ್ಮೆ, ಈಚೆ ಒಮ್ಮೆ. ಟೈಪನ್ನು ಬೇರೆ ಎರಡು ಸಲ. ಹತ್ತು ಫೀಲ್ಡಿನ ಕ್ಲಾಸಿಗೆ ನಲವತ್ತು ಸಲ ಹೆಸರು ಬರೆದರೂ ಹೊಸದಾಗಿ ಹೇಳಿದ್ದು ಏನೂ ಇರುವುದಿಲ್ಲ. ಇಂಥ ಬಾಯ್ಲರ್‌ಪ್ಲೇಟನ್ನು ಯಂತ್ರಕ್ಕೆ ಬಿಡುವುದರಲ್ಲಿ ಯಾವ ತಪ್ಪೂ ಇಲ್ಲ. ನಾನೂ ಬಿಡುತ್ತೇನೆ. ಆದರೆ ಬಿಡುವ ದಾರಿ ಎರಡಿವೆ, ಅವೆರಡೂ ಒಂದೇ ಅಂದುಕೊಂಡಲ್ಲಿ ಫಜೀತಿ ಶುರುವಾಗುತ್ತದೆ.

ಮೊದಲನೆಯದು, ಎಡಿಟರಿಗೆ ಹೇಳಿ ಬರೆಸುವುದು. ಇಂಟೆಲಿಜೆಯಲ್ಲಿ ಆಲ್ಟ್ ಮತ್ತು ಇನ್‌ಸರ್ಟ್ ಕೀ ಒತ್ತಿದರೆ ಕನ್‌ಸ್ಟ್ರಕ್ಟರ್ ಸಿದ್ಧ. ಎಕ್ಲಿಪ್ಸ್‌ನಲ್ಲೂ ಅದಕ್ಕೊಂದು ಮೆನು ಇದೆ. ಈಗ ಎಐ ಸಹಾಯಕಗಳು ಕೇಳುವ ಮುಂಚೆಯೇ ಬರೆದು ತೋರಿಸುತ್ತವೆ. ಬರೆದವರು ಯಾರೇ ಆಗಲಿ, ಪಠ್ಯ ಫೈಲಿನಲ್ಲಿ ಉಳಿಯುತ್ತದೆ, ಮುಂದೆ ಅದು ನಿಮ್ಮದೇ ಕೋಡು. ನಾಳೆ ಹೊಸ ಫೀಲ್ಡ್ ಸೇರಿಸಿದರೆ ಅದು ತಾನಾಗಿ ಬದಲಾಗುವುದಿಲ್ಲ. ಫೀಲ್ಡ್ ‘ಫೈನಲ್’ (ಒಮ್ಮೆ ಮಾತ್ರ ಬೆಲೆ ಕೊಡಬಹುದಾದದ್ದು) ಆಗಿದ್ದರೆ, ಕೋಡನ್ನು ಓಡಿಸಲು ಸಿದ್ಧಗೊಳಿಸುವ ಕಂಪೈಲರ್ ತಡೆದು ಹೇಳುತ್ತದೆ. ಇಲ್ಲದಿದ್ದರೆ ಆ ಫೀಲ್ಡ್ ಸದ್ದಿಲ್ಲದೆ ‘ನಲ್’ (ಏನೂ ತುಂಬದ ಖಾಲಿ) ಆಗಿ ಉಳಿಯುತ್ತದೆ.

ಎರಡನೆಯದು, ಪ್ರತಿ ಸಲ ಕಂಪೈಲ್ ಆಗುವಾಗ ಕನ್‌ಸ್ಟ್ರಕ್ಟರನ್ನು ಹೊಸದಾಗಿ ಹುಟ್ಟಿಸುವುದು. ಜಾವಾ ಲೋಕದಲ್ಲಿ ಇದರ ಹಳೆಯ ಹೆಸರು ಲೊಂಬೊಕ್ ಎಂಬ ಲೈಬ್ರರಿ, 2009ರಿಂದ ಇದೆ. ಕ್ಲಾಸಿನ ತಲೆಯ ಮೇಲೆ ‘@ಆಲ್‌ಆರ್ಗ್ಸ್‌ಕನ್‌ಸ್ಟ್ರಕ್ಟರ್’ ಎಂಬ ಗುರುತು (ಅನೋಟೇಶನ್) ಬರೆದರೆ ಎಲ್ಲ ಫೀಲ್ಡ್‌ಗಳನ್ನೂ ತೆಗೆದುಕೊಳ್ಳುವ ಕನ್‌ಸ್ಟ್ರಕ್ಟರ್ ಬರುತ್ತದೆ. ‘@ರಿಕ್ವೈರ್ಡ್‌ಆರ್ಗ್ಸ್‌ಕನ್‌ಸ್ಟ್ರಕ್ಟರ್’ ಎಂದರೆ ಬೆಲೆ ಕೊಡದೆ ಬಿಟ್ಟ ಫೈನಲ್ ಫೀಲ್ಡ್‌ಗಳು ಮತ್ತು ‘@ನಾನ್‌ನಲ್’ ಗುರುತಿನ ಫೀಲ್ಡ್‌ಗಳು ಮಾತ್ರ. ಸೋರ್ಸ್ ಫೈಲಿನಲ್ಲಿ ಏನೂ ಕಾಣುವುದಿಲ್ಲ, ಕಂಪೈಲ್ ಆಗಿ ಬಂದ ಕ್ಲಾಸ್ ಫೈಲಿನಲ್ಲಿ ಎಲ್ಲವೂ ಇರುತ್ತದೆ. ಮೊದಲ ದಾರಿಯಲ್ಲಿ ಕನ್‌ಸ್ಟ್ರಕ್ಟರ್ ಫೀಲ್ಡ್‌ಗಳಿಗಿಂತ ಹಿಂದೆ ಬೀಳುತ್ತದೆ. ಎರಡನೆಯದರಲ್ಲಿ ಹಿಂದೆ ಬೀಳುವ ಮಾತೇ ಇಲ್ಲ. ಅದು ಫೀಲ್ಡ್‌ಗಳ ಜೊತೆಜೊತೆಗೇ ಓಡುತ್ತದೆ, ಮತ್ತು ಯಾರಿಗೂ ಹೇಳದೆ ಓಡುತ್ತದೆ.

ಹೇಳದೆ ಓಡಿದರೆ ಏನಾಗುತ್ತದೆ ಎಂಬುದು ರಿವ್ಯೂಗೆ ಬಂದ ಕೋಡು ಬದಲಾವಣೆಯ ಒಂದು ಕೋರಿಕೆಯಲ್ಲಿ (ಪುಲ್ ರಿಕ್ವೆಸ್ಟ್) ಚೆನ್ನಾಗಿ ಕಂಡಿತ್ತು. ಪುಣೆ ಪಕ್ಕದ ಭೋಸರಿ ಕಡೆಯ ಕಾರ್ಖಾನೆಗಳು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿಂದ ಕಾಸ್ಟಿಂಗ್ ತರಿಸಿಕೊಳ್ಳುವಂಥ ವ್ಯವಹಾರದ ಬಿಲ್ಲಿಂಗ್ ಕೋಡು ಅದು. ಇನ್‌ವಾಯ್ಸ್ ಕ್ಲಾಸಿನಲ್ಲಿ ಬಿಲ್ ನಂಬರು, ತಾರೀಖು, ಮಾರುವವರ ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ನಂಬರು), ಕೊಳ್ಳುವವರ ಜಿಎಸ್‌ಟಿಐಎನ್, ಮೊತ್ತ. ಎರಡು ಜಿಎಸ್‌ಟಿಐಎನ್‌ಗಳೂ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲಿನ ಟೈಪು. ತಲೆಯ ಮೇಲೆ ಆಲ್‌ಆರ್ಗ್ಸ್. ಹುಡುಗ ತುಂಬ ಅಚ್ಚುಕಟ್ಟು, ಫೀಲ್ಡ್‌ಗಳನ್ನು ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ ಜೋಡಿಸಿದ್ದ. ಬೇರೆ ಟೈಪಿನವು ಸ್ಥಳ ಬದಲಿಸಿದ ಕಡೆ ಕಂಪೈಲರ್ ಗಲಾಟೆ ಮಾಡಿತು, ಅವುಗಳನ್ನು ವಾಪಸ್ಸು ಮೊದಲಿದ್ದಲ್ಲಿಗೆ ಇಟ್ಟ. ಉಳಿದದ್ದು ಒಂದೇ ಬದಲಾವಣೆ: ‘ಸೆಲ್ಲರ್’ ಕೆಳಗೆ ಹೋಗಿ ‘ಬಯರ್’ ಮೇಲೆ ಬಂದಿತ್ತು. “ಎರಡು ಸಾಲು ಮ್ಯಾಲ ಕೆಳಗ ಮಾಡೀನಷ್ಟೇ ಅಕ್ಕಾರ, ಮತ್ತೇನೂ ಮುಟ್ಟಿಲ್ಲ,” ಅಂದ. ನಿಜ, ಮುಟ್ಟಿರಲಿಲ್ಲ.

ಆ ಕ್ಲಾಸಿನ ಆಬ್ಜೆಕ್ಟ್ ಸೃಷ್ಟಿಸುವ ಕಡೆಗಳೆಲ್ಲ ಬೇರೆ ಫೈಲುಗಳಲ್ಲಿವೆ. ಅಲ್ಲಿ ಇನ್ನೂ ಮಾರುವವರನ್ನು ಮೊದಲು, ಕೊಳ್ಳುವವರನ್ನು ಆಮೇಲೆ ಕೊಡುತ್ತಿದ್ದಾರೆ. ಎರಡೂ ಸ್ಟ್ರಿಂಗ್ ಆದ್ದರಿಂದ ಕಂಪೈಲರಿಗೆ ಆಕ್ಷೇಪವಿಲ್ಲ. ಆ ಫೈಲುಗಳಲ್ಲಿ ಒಂದಕ್ಷರವೂ ಬದಲಾಗಿಲ್ಲ, ಹಾಗಾಗಿ ರಿವ್ಯೂ ಮಾಡುವವರಿಗೆ ಕಾಣಿಸುವುದೇ ಇಲ್ಲ. ಇನ್ನು ಟೆಸ್ಟುಗಳು. ಜಿಎಸ್‌ಟಿಐಎನ್ ಹದಿನೈದು ಅಕ್ಷರದ್ದು. ಮೊದಲ ಎರಡು ಅಂಕಿ ರಾಜ್ಯದ ಕೋಡು, ಮುಂದಿನ ಹತ್ತು ಪ್ಯಾನ್, ಕೊನೆಯದು ತಾಳೆ ನೋಡುವ ಅಕ್ಷರ. ನಂಬರಿನ ಸ್ವರೂಪ ಪರೀಕ್ಷಿಸುವ ಟೆಸ್ಟ್ ಪಾಸಾಗುತ್ತದೆ, ಏಕೆಂದರೆ ಎರಡೂ ಅಸಲಿ ನಂಬರುಗಳೇ. ತೆರಿಗೆ ಲೆಕ್ಕದ ಟೆಸ್ಟೂ ಪಾಸಾಗುತ್ತದೆ: ಕರ್ನಾಟಕದ ಕೋಡು 29, ಮಹಾರಾಷ್ಟ್ರದ್ದು 27, ಯಾವ ಕಡೆಯಿಂದ ಯಾವ ಕಡೆಗೆ ಮಾಲು ಹೋದರೂ ಅಂತರರಾಜ್ಯ ಮಾರಾಟ, ಎರಡೂ ದಿಕ್ಕಿಗೆ ಐಜಿಎಸ್‌ಟಿಯೇ. ಮೊತ್ತದಲ್ಲಿ ಒಂದು ಪೈಸೆ ವ್ಯತ್ಯಾಸವಿಲ್ಲ. ಬಿಲ್ಲಿನಲ್ಲಿ ಮಾತ್ರ ಕಾಸ್ಟಿಂಗ್ ಮಾರಿದವರೇ ಕೊಂಡವರಾಗಿ, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಹೊಂದಾಣಿಕೆ) ಯಾರಿಗೆ ಸೇರಬೇಕೋ ಅವರ ಹೆಸರು ಮಾರಾಟಗಾರರ ಜಾಗದಲ್ಲಿ ಕೂತಿರುತ್ತದೆ.

ಕನ್‌ಸ್ಟ್ರಕ್ಟರ್ ಕೈಯಲ್ಲಿ ಬರೆದದ್ದಾಗಿದ್ದರೆ, ಅಥವಾ ಎಡಿಟರೇ ಬರೆದುಕೊಟ್ಟದ್ದಾಗಿದ್ದರೂ, ಫೀಲ್ಡ್‌ಗಳನ್ನು ಎಷ್ಟು ಸಲ ಮೇಲೆ ಕೆಳಗೆ ಮಾಡಿದರೂ ಪ್ಯಾರಾಮೀಟರ್ ಪಟ್ಟಿ ಇದ್ದಲ್ಲೇ ಇರುತ್ತಿತ್ತು. ಆಲ್‌ಆರ್ಗ್ಸ್ ಹಾಕಿದ ಕ್ಷಣದಿಂದ ಫೀಲ್ಡ್‌ಗಳ ಕ್ರಮವೇ ಹೊರಗಿನವರ ಜೊತೆಗಿನ ಕರಾರು. ಆದರೆ ಫೀಲ್ಡ್‌ಗಳ ಸಾಲನ್ನು ನೋಡಿದರೆ ಅದು ಕರಾರಿನಂತೆ ಕಾಣುವುದಿಲ್ಲ. ನನ್ನ ತಕರಾರು ಇಷ್ಟೇ.

ಜಾವಾ 16ರಲ್ಲಿ, ಅಂದರೆ 2021ರ ಮಾರ್ಚ್‌ನಲ್ಲಿ, ‘ರೆಕಾರ್ಡ್’, ಅಂದರೆ ಡೇಟಾ ಹಿಡಿದಿಡಲೆಂದೇ ಇರುವ ಕಿರು ಕ್ಲಾಸು, ಭಾಷೆಯ ಖಾಯಂ ಭಾಗವಾಯಿತು. ಅಲ್ಲೂ ಕನ್‌ಸ್ಟ್ರಕ್ಟರ್ ತಾನಾಗಿ ಬರುತ್ತದೆ, ಅಲ್ಲೂ ಕ್ರಮ ಬದಲಿಸಿದರೆ ಇದೇ ಎಡವಟ್ಟು ಆಗಬಲ್ಲದು. ಆದರೂ ನನಗೆ ರೆಕಾರ್ಡೇ ಇಷ್ಟ. ಅದರಲ್ಲಿ ಘಟಕಗಳನ್ನು ಹೆಸರಿನ ಪಕ್ಕದ ಆವರಣದೊಳಗೆ ಬರೆಯುತ್ತೇವೆ, ಅದು ಕಣ್ಣಿಗೆ ಪ್ಯಾರಾಮೀಟರ್ ಪಟ್ಟಿಯಾಗಿಯೇ ಬೀಳುತ್ತದೆ. ಅದನ್ನು ಅಕ್ಷರಾನುಕ್ರಮಕ್ಕೆ ತರಬೇಕೆಂದು ಯಾರಿಗೂ ಅನಿಸುವುದಿಲ್ಲ.

ಒಂದೇ ಟೈಪಿನ ಎರಡು ಫೀಲ್ಡ್ ಪಕ್ಕಪಕ್ಕ ಇದ್ದಲ್ಲಿ ನಾನು ಮೊದಲು ಸೂಚಿಸುವುದು ಟೈಪನ್ನೇ ಬೇರೆ ಮಾಡುವುದನ್ನು. ಜಿಎಸ್‌ಟಿಐಎನ್‌ಗೆ ಒಂದು ರೆಕಾರ್ಡ್ ಮಾಡಿದರೆ ಬಿಲ್ ನಂಬರಿನ ಜೊತೆ ಅದಲುಬದಲಾಗುವುದು ತಪ್ಪುತ್ತದೆ, ಆದರೆ ಮಾರುವವರು ಕೊಳ್ಳುವವರ ಗೊಂದಲ ಹಾಗೆಯೇ ಉಳಿಯುತ್ತದೆ, ಇಬ್ಬರದ್ದೂ ಜಿಎಸ್‌ಟಿಐಎನ್ ತಾನೆ! ಮಾರಾಟಗಾರ, ಖರೀದಿದಾರ ಎಂದೇ ಎರಡು ಟೈಪು ಬೇಕು. ಅಷ್ಟು ದೂರ ಹೋಗಲು ಮನಸ್ಸಿಲ್ಲದವರು ಲೊಂಬೊಕ್‌ನ ‘@ಬಿಲ್ಡರ್’ ಬಳಸುತ್ತಾರೆ. ಬೆಲೆ ಕೊಡುವಾಗ ಫೀಲ್ಡಿನ ಹೆಸರನ್ನು ಹೇಳಿಯೇ ಕೊಡಬೇಕಾದ್ದರಿಂದ ಕ್ರಮದ ತೊಂದರೆ ಇಲ್ಲ. ಬದಲಿಗೆ ಇನ್ನೊಂದು ತೊಂದರೆ ಬರುತ್ತದೆ. ಕನ್‌ಸ್ಟ್ರಕ್ಟರಿಗೆ ಒಂದು ಆರ್ಗ್ಯುಮೆಂಟ್ ಕಡಿಮೆ ಕೊಟ್ಟರೆ ಕಂಪೈಲ್ ಆಗದು, ಬಿಲ್ಡರಿನಲ್ಲಿ ಒಂದನ್ನು ಮರೆತರೆ ಕಂಪೈಲ್ ಆಗುತ್ತದೆ, ಆ ಫೀಲ್ಡ್ ನಲ್ ಆಗುತ್ತದೆ. ನಾನ್‌ನಲ್ ಗುರುತು ಹಾಕಿದ್ದರೂ ಗೊತ್ತಾಗುವುದು ಪ್ರೋಗ್ರಾಂ ಓಡುವಾಗಲೇ. ಐದಾರು ಫೀಲ್ಡಿನ ಕ್ಲಾಸಿಗೆ ಬಿಲ್ಡರ್ ಹಾಕಿದ್ದನ್ನು ಕಂಡರೆ ನಾನು ಸಾಮಾನ್ಯವಾಗಿ ತೆಗೆಸುತ್ತೇನೆ. ಇಪ್ಪತ್ತು ಫೀಲ್ಡಿದ್ದು ಅರ್ಧಕ್ಕರ್ಧ ಐಚ್ಛಿಕವಾಗಿದ್ದರೆ ಇರಲಿ ಎನ್ನುತ್ತೇನೆ.

ಹಾಗಾದರೆ ಕಣ್ಣು ಮುಚ್ಚಿ ಯಂತ್ರಕ್ಕೆ ಬಿಡಬಹುದಾದ ಜಾಗ ಇಲ್ಲವೇ? ಇದೆ. ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕಿನ ಸರ್ವಿಸ್ ಕ್ಲಾಸುಗಳು, ಅಂದರೆ ಡೇಟಾ ಹಿಡಿಯದೆ ಕೆಲಸ ಮಾಡುವಂಥವು. ಅವುಗಳ ಕನ್‌ಸ್ಟ್ರಕ್ಟರನ್ನು ಕರೆಯುವುದು ಫ್ರೇಮ್‌ವರ್ಕು. ಅದು ಕ್ರಮ ನೋಡುವುದಿಲ್ಲ, ಟೈಪ್ ನೋಡಿ ಹುಡುಕಿ ತಂದು ಕೊಡುತ್ತದೆ. 2016ರ ಸ್ಪ್ರಿಂಗ್ 4.3ರಿಂದ ಈಚೆಗೆ, ಕ್ಲಾಸಿನಲ್ಲಿ ಒಂದೇ ಕನ್‌ಸ್ಟ್ರಕ್ಟರ್ ಇದ್ದರೆ ಹೀಗೆ ತಂದುಕೊಡು ಎನ್ನುವ ‘@ಆಟೊವೈರ್ಡ್’ ಗುರುತು ಕೂಡ ಬೇಡ. ರಿಕ್ವೈರ್ಡ್‌ಆರ್ಗ್ಸ್ ಇಲ್ಲಿಗೆ ಹೇಳಿ ಮಾಡಿಸಿದ್ದು. ಒಂದು ಕಡೆ ಮಾತ್ರ ಕಾಲು ಜಾರುತ್ತದೆ: ಒಂದೇ ಟೈಪಿನ ಎರಡು ಬೀನ್ (ಸ್ಪ್ರಿಂಗ್ ನೋಡಿಕೊಳ್ಳುವ ಆಬ್ಜೆಕ್ಟ್) ಇದ್ದು ಯಾವುದು ಬೇಕೆಂದು ‘@ಕ್ವಾಲಿಫೈಯರ್’ ಹಾಕಿ ಫೀಲ್ಡಿನ ಮೇಲೆ ಬರೆದಿದ್ದರೆ, ಲೊಂಬೊಕ್ ಆ ಗುರುತನ್ನು ತಾನಾಗಿ ಕನ್‌ಸ್ಟ್ರಕ್ಟರಿನ ಪ್ಯಾರಾಮೀಟರಿಗೆ ನಕಲು ಮಾಡುವುದಿಲ್ಲ. ಲೊಂಬೊಕ್‌ನ ಕಾನ್ಫಿಗ್ ಫೈಲಿನಲ್ಲಿ, ನಕಲು ಮಾಡಬೇಕಾದ ಅನೋಟೇಶನ್‌ಗಳ ಪಟ್ಟಿಗೆ ಕ್ವಾಲಿಫೈಯರನ್ನು ಸೇರಿಸಬೇಕು. ಇದು ಗೊತ್ತಿಲ್ಲದೆ ಇಡೀ ಮಧ್ಯಾಹ್ನ ಕಳೆದವರನ್ನು ನೋಡಿದ್ದೇನೆ.

ಸರ್ವಿಸ್ ಕ್ಲಾಸುಗಳ ವಿಷಯದಲ್ಲಿ ನನಗೊಂದು ಹಳೇ ಕಾಲದ ಅಭಿಪ್ರಾಯವೂ ಇದೆ, ತಂಡದಲ್ಲಿ ಅರ್ಧ ಜನ ಒಪ್ಪುವುದಿಲ್ಲ. ಹನ್ನೊಂದು ಡಿಪೆಂಡೆನ್ಸಿ (ಕೆಲಸಕ್ಕೆ ಬೇಕಾದ ಬೇರೆ ಆಬ್ಜೆಕ್ಟ್) ಬೇಡುವ ಕನ್‌ಸ್ಟ್ರಕ್ಟರನ್ನು ಕೈಯಲ್ಲಿ ಬರೆಯುವಾಗ ಬೇಸರ ಬರುತ್ತದಲ್ಲ, ಆ ಬೇಸರಕ್ಕೆ ಕೆಲಸವಿದೆ. ಈ ಕ್ಲಾಸ್ ವಿಪರೀತ ಹೊಣೆ ಹೊತ್ತಿದೆ, ಒಡೆಯಿರಿ ಎಂದು ಅದು ಹೇಳುತ್ತಿರುತ್ತದೆ. ಅನೋಟೇಶನ್ ಹಾಕಿದ ಮೇಲೆ ಹನ್ನೆರಡನೆಯ ಡಿಪೆಂಡೆನ್ಸಿ ಸೇರಿಸುವುದು ಒಂದೇ ಸಾಲಿನ ಕೆಲಸ, ಯಾರಿಗೂ ನೋವಾಗುವುದಿಲ್ಲ. ಆದ್ದರಿಂದ ರಿಕ್ವೈರ್ಡ್‌ಆರ್ಗ್ಸ್ ಇರುವ ಕ್ಲಾಸಿನ ರಿವ್ಯೂ ಬಂದಾಗ ಫೈನಲ್ ಫೀಲ್ಡ್‌ಗಳನ್ನು ಬೆರಳಿಟ್ಟು ಎಣಿಸುತ್ತೇನೆ.

ಡೇಟಾಬೇಸ್ ಎಂಟಿಟಿಗಳ, ಅಂದರೆ ಟೇಬಲ್ಲಿಗೆ ಹೊಂದುವ ಕ್ಲಾಸುಗಳ, ಮಾತು ಬೇರೆ. ಆಬ್ಜೆಕ್ಟನ್ನು ಡೇಟಾಬೇಸಿಗೆ ಜೋಡಿಸುವ ಜೆಪಿಎಗೆ ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಬೇಕೇ ಬೇಕು, ಪಬ್ಲಿಕ್ ಅಥವಾ ಪ್ರೊಟೆಕ್ಟೆಡ್. ‘@ನೋಆರ್ಗ್ಸ್‌ಕನ್‌ಸ್ಟ್ರಕ್ಟರ್’ ಹಾಕಿ ಅದರ ಆಕ್ಸೆಸ್ಸನ್ನು ಪ್ರೊಟೆಕ್ಟೆಡ್ ಮಾಡಿ, ಹೊರಗಿನವರು ಖಾಲಿ ಆಬ್ಜೆಕ್ಟ್ ಮಾಡದಂತೆ ಬಾಗಿಲು ಹಾಕುವುದು ಒಳ್ಳೆಯ ಪದ್ಧತಿ. ಗೆಟರ್, ಸೆಟರ್ ಎಲ್ಲ ಒಮ್ಮೆಲೇ ಹುಟ್ಟಿಸುವ ಲೊಂಬೊಕ್‌ನ ‘@ಡೇಟಾ’ ಜೊತೆ ಬಿಲ್ಡರ್ ಸೇರಿಸಿದರೆ ಖಾಲಿ ಕನ್‌ಸ್ಟ್ರಕ್ಟರ್ ಮಾಯವಾಗುತ್ತದೆ ಎಂಬುದೂ ತಿಳಿದಿರಲಿ. ಜೇಸನ್ (JSON) ರೂಪದ ಡೇಟಾ ಓದಲು ಹೊರಟ ಜಾಕ್ಸನ್ ಲೈಬ್ರರಿ ಈ ಕ್ಲಾಸಿನ ಆಬ್ಜೆಕ್ಟ್ ಕಟ್ಟಲಾರೆ ಎಂದು ಎರರ್ ಎಸೆಯುವುದು ಬಹಳ ಸಲ ಇದೇ ಕಾರಣಕ್ಕೆ.

ಇನ್ನು ಯಂತ್ರಕ್ಕೆ ಪೂರ್ತಿ ಬಿಡಬಾರದ ಕ್ಲಾಸುಗಳು. ಕನ್‌ಸ್ಟ್ರಕ್ಟರ್ ನಮ್ಮ ಸೊಸೈಟಿಯ ಗೇಟಿನ ವಾಚ್‌ಮನ್ ಇದ್ದಂತೆ; ಒಳಗೆ ಬಂದ ಮೇಲೆ ಪ್ರತಿ ಮಹಡಿಯಲ್ಲೂ ಯಾರು ನೀನು ಎಂದು ಕೇಳುವ ಹಾಗಿರಬಾರದು. ಜಿಎಸ್‌ಟಿಐಎನ್ ಹದಿನೈದು ಅಕ್ಷರ ಇದೆಯೇ, ಮೊತ್ತ ಸೊನ್ನೆಗಿಂತ ಹೆಚ್ಚೇ ಎಂಬುದನ್ನು ಅಲ್ಲೇ ನೋಡಿಬಿಟ್ಟರೆ ಉಳಿದ ಕೋಡು ನಿಶ್ಚಿಂತೆಯಾಗಿರುತ್ತದೆ. ಆಲ್‌ಆರ್ಗ್ಸ್ ಹುಟ್ಟಿಸಿದ ಕನ್‌ಸ್ಟ್ರಕ್ಟರಿನೊಳಗೆ ಇಂಥ ಪರೀಕ್ಷೆ ಬರೆಯಲು ಜಾಗವೇ ಇಲ್ಲ, ನಲ್ ಹೌದೋ ಅಲ್ಲವೋ ಎಂಬಷ್ಟನ್ನು ಬಿಟ್ಟರೆ. ರೆಕಾರ್ಡಿನಲ್ಲಿ ಜಾಗವಿದೆ. ಕಾಂಪ್ಯಾಕ್ಟ್ ಕನ್‌ಸ್ಟ್ರಕ್ಟರ್ ಎಂಬ ರೂಪದಲ್ಲಿ ಪ್ಯಾರಾಮೀಟರ್ ಪಟ್ಟಿಯನ್ನೂ ಬರೆಯದೆ, ಸಮ ಚಿಹ್ನೆಯ ಸಾಲುಗಳನ್ನೂ ಬರೆಯದೆ, ಪರೀಕ್ಷೆಯನ್ನಷ್ಟೇ ಬರೆಯಬಹುದು. ಬಂದ ನಂಬರಿನ ಅಕ್ಕಪಕ್ಕದ ಖಾಲಿ ಜಾಗ ತೆಗೆದು ದೊಡ್ಡಕ್ಷರ ಮಾಡುವುದೂ ಅಲ್ಲೇ ಆಗುತ್ತದೆ. ಫೀಲ್ಡ್‌ಗಳಿಗೆ ಬೆಲೆ ತುಂಬುವ ಕೆಲಸವನ್ನು ಕಂಪೈಲರ್ ಕೊನೆಯಲ್ಲಿ ತಾನೇ ಮಾಡಿಕೊಳ್ಳುತ್ತದೆ. ಪುನರಾವರ್ತನೆ ಯಂತ್ರದ್ದು, ನಿರ್ಧಾರ ನಮ್ಮದು. ಈ ಕೆಲಸ ಹಂಚಿಕೆ ಜಾವಾದಲ್ಲಿ ಇಷ್ಟು ಚೆಂದವಾಗಿ ಬೇರೆಲ್ಲೂ ಆಗಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಬೇರೆ ಭಾಷೆಯವರಿಗೂ ಎರಡು ಮಾತು. ಪೈಥಾನ್ 3.7ರಲ್ಲಿ, 2018ರಲ್ಲಿ, ಡೇಟಾಕ್ಲಾಸ್ ಬಂತು. ಪರೀಕ್ಷೆಗಳನ್ನು ‘ಪೋಸ್ಟ್ ಇನಿಟ್’ ಎಂಬ ಮೆಥಡ್‌ನಲ್ಲಿ ಬರೆಯಬಹುದು. 3.10ರಿಂದ ‘ಕೆಡಬ್ಲ್ಯೂ ಓನ್ಲಿ’ ಎಂಬ ಆಯ್ಕೆ ಇದೆ, ಹಾಕಿದರೆ ಹೆಸರು ಹೇಳದೆ ಬೆಲೆ ಕೊಡಲಾಗದು, ಅದಲುಬದಲಿನ ಭಯ ಅಲ್ಲಿಗೆ ಮುಗಿಯಿತು. ಕೋಟ್ಲಿನ್‌ನಲ್ಲಿ ಕನ್‌ಸ್ಟ್ರಕ್ಟರ್ ಕ್ಲಾಸಿನ ತಲೆಬರಹದಲ್ಲೇ ಇರುತ್ತದೆ, ಹೆಸರು ಹೇಳಿ ಕೊಡುವ ಸೌಲಭ್ಯವೂ ಇದೆ. ಆದರೆ ಜಾವಾ ಕ್ಲಾಸಿನ ಕನ್‌ಸ್ಟ್ರಕ್ಟರನ್ನು ಕೋಟ್ಲಿನ್‌ನಿಂದ ಕರೆಯುವಾಗ ಆ ಸೌಲಭ್ಯ ಸಿಗದು. ಪಿಎಚ್‌ಪಿ 8.0 ಕೂಡ 2020ರಲ್ಲಿ ಪ್ಯಾರಾಮೀಟರನ್ನೇ ಪ್ರಾಪರ್ಟಿ ಮಾಡುವ ಕಿರುದಾರಿ ಕೊಟ್ಟಿತು. ಸಿ ಶಾರ್ಪ್ 12ರ ಪ್ರೈಮರಿ ಕನ್‌ಸ್ಟ್ರಕ್ಟರ್ ಬಳಸುವವರು ಒಂದನ್ನು ಗಮನಿಸಬೇಕು: ಸಾಮಾನ್ಯ ಕ್ಲಾಸಿನಲ್ಲಿ ಆ ಪ್ಯಾರಾಮೀಟರುಗಳು ಬದಲಾಯಿಸಲಾಗದಂಥವಲ್ಲ, ಒಳಗಿನ ಯಾವ ಮೆಥಡ್ ಬೇಕಾದರೂ ಅವುಗಳಿಗೆ ಹೊಸ ಬೆಲೆ ಕೊಡಬಲ್ಲದು.

ಕೊನೆಗೆ, ಈಗಾಗಲೇ ಲೊಂಬೊಕ್ ತುಂಬಿಕೊಂಡಿರುವ ಹಳೆಯ ಪ್ರಾಜೆಕ್ಟನ್ನು ಏನು ಮಾಡಬೇಕು ಎಂದು ಕೇಳುವವರಿಗೆ. ಲೊಂಬೊಕ್ ಕೆಲಸ ಮಾಡುವುದು ಜಾವಾ ಕಂಪೈಲರಿನ ಒಳಮನೆಗೆ ಹೊಕ್ಕು, ಅದು ಕಟ್ಟಿಕೊಂಡ ಸಿಂಟ್ಯಾಕ್ಸ್ ಟ್ರೀಯನ್ನು (ಕೋಡಿನ ರಚನೆಯ ನಕ್ಷೆ) ತಿದ್ದಿ. ಅದಕ್ಕೇ ಜಾವಾದ ಕಿಟ್ ಆದ ಜೆಡಿಕೆ 16 ಒಳಮನೆಯ ಬಾಗಿಲು ಭದ್ರ ಮಾಡಿದಾಗ 1.18.20ಕ್ಕಿಂತ ಹಳೆಯ ಲೊಂಬೊಕ್ ಇದ್ದ ಬಿಲ್ಡ್‌ಗಳು ಮುರಿದುಬಿದ್ದವು. ಜೆಡಿಕೆ 23ರಿಂದ ಕ್ಲಾಸ್‌ಪಾತ್‌ನಲ್ಲಿ ಜಾರ್ ಫೈಲು ಇದ್ದ ಮಾತ್ರಕ್ಕೆ ಲೊಂಬೊಕ್‌ನಂಥ ಅನೋಟೇಶನ್ ಪ್ರೊಸೆಸರ್ ಓಡುವುದಿಲ್ಲ. ಬಿಲ್ಡ್ ಮಾಡುವ ಮೇವನ್‌ನ ಕಂಪೈಲರ್ ಪ್ಲಗಿನ್‌ನಲ್ಲಿ ಪ್ರೊಸೆಸರ್ ಪಾತ್ ಎಂದು ಸ್ಪಷ್ಟವಾಗಿ ಬರೆಯಬೇಕು, ಇಲ್ಲವಾದರೆ ಕನ್‌ಸ್ಟ್ರಕ್ಟರ್ ಸಿಗುತ್ತಿಲ್ಲ ಎಂಬ ಎರರುಗಳ ಸುರಿಮಳೆ. ಹಾಗೆಂದು ಒಂದೇ ಏಟಿಗೆ ಎಲ್ಲವನ್ನೂ ರೆಕಾರ್ಡ್ ಮಾಡಲು ಹೋಗಬೇಡಿ. ಫೀಲ್ಡಿನ ಬೆಲೆ ಓದಿಕೊಡುವ ಗೆಟರ್‌ಗಳ ಹೆಸರು ಬದಲಾಗುತ್ತದೆ, ಎಂಟಿಟಿಗಳಂತೂ ರೆಕಾರ್ಡ್ ಆಗಲಾರವು. ಸರ್ವಿಸ್ ಕ್ಲಾಸುಗಳನ್ನು ಹಾಗೇ ಬಿಡಿ. ಆಲ್‌ಆರ್ಗ್ಸ್ ಇರುವ, ಒಂದೇ ಟೈಪಿನ ಎರಡು ಮೂರು ಫೀಲ್ಡ್ ಸಾಲಾಗಿರುವ ಕ್ಲಾಸುಗಳನ್ನು ಹುಡುಕಿ ಅವುಗಳಿಂದ ಶುರುಮಾಡಿ. ಹಣ, ಖಾತೆ ನಂಬರು, ತಾರೀಖುಗಳ ‘ಇಂದ’ ಮತ್ತು ‘ವರೆಗೆ’ ಇರುವಲ್ಲಿ ಅಂಥವು ಬೇಗ ಸಿಗುತ್ತವೆ.